ಊಟಕ್ಕೆ ಎಲ್ಲಿ ಕೂರಲ್ಲ? (ಸೈಟ್ ಡೈರಿ, ಭಾಗ 9)

1/7
ಮೊದಲನೇ ಫೋಟೋದಲ್ಲಿರೋನು ನಾನೇ. ಹಳದಿ ಹೆಲ್ಮೆಟ್, ಕೈಯಲ್ಲಿ ಕ್ಲಿಪ್‌ಬೋರ್ಡ್, ಹಿಂದೆ ಸಾರುವೆ. ಇಂಟರ್ನ್‌ಶಿಪ್ ಟೈಮಲ್ಲಿ ಇದನ್ನ ಸ್ಟೋರಿಗೆ ಹಾಕಿದ್ದೆ. "ಇಂಜಿನಿಯರ್ ಸಾಹೇಬ್ರು" ಅಂತ ನೀವೆಲ್ಲ ಕಾಲೆಳೆದಿದ್ರಿ, ನೆನಪಿದ್ಯಾ?

ಆ ಕ್ಲಿಪ್‌ಬೋರ್ಡಲ್ಲಿ ಇದ್ದದ್ದು ಸುರಕ್ಷತಾ ಮೌಲ್ಯಮಾಪನದ ಶೀಟು. ಒಟ್ಟು 42 ಪ್ರಶ್ನೆ, ಎಲ್ಲಾ ಇಂಗ್ಲಿಷಲ್ಲಿ, ಪ್ರತಿಯೊಂದಕ್ಕೂ ಹೌದು ಅಥವಾ ಇಲ್ಲ. ಹೆಲ್ಮೆಟ್ ಇದೆಯಾ, ಪ್ರಥಮ ಚಿಕಿತ್ಸೆ ಪೆಟ್ಟಿಗೆ ಇದೆಯಾ, ಬೋರ್ಡ್ ಹಾಕಿದಾರಾ, ಸಾರುವೆ ಭದ್ರವಾಗಿದೆಯಾ, ಫಾರ್ಮ್‌ವರ್ಕ್ ಸರಿಯಾಗಿದೆಯಾ. ಚಾಮರಾಜನಗರದಲ್ಲಿ ಎರಡು ಅಂತಸ್ತಿನ ಒಂದು ಕಟ್ಟಡ ಅದು, ಎಲ್ಲಿ ಅಂತ ಹೇಳಲ್ಲ. ನಾನು ಇಪ್ಪತ್ತು ನಿಮಿಷದಲ್ಲಿ ಮುಗಿಸಿದೆ. ಸಾರುವೆ ಹತ್ತಲಿಲ್ಲ, ನೆಲದ ಮೇಲೆ ನಿಂತು ಕತ್ತೆತ್ತಿ ನೋಡಿ ಟಿಕ್ ಹಾಕಿದೆ. 42ಕ್ಕೆ 38 ಬಂತು. ಕಳೆದುಕೊಂಡ ನಾಲ್ಕರಲ್ಲಿ ಒಂದು, ಪ್ರಥಮ ಚಿಕಿತ್ಸೆ ಪೆಟ್ಟಿಗೆಯಲ್ಲಿ ಬ್ಯಾಂಡೇಜ್ ಖಾಲಿಯಾಗಿತ್ತು ಅನ್ನೋದು.

ಈ ಸಲದ ಬರಹ ಆ 38ರ ಬಗ್ಗೆ. ಉದ್ದ ಇದೆ, ಮೊದಲೇ ಹೇಳ್ಬಿಡ್ತೀನಿ. ಬಸ್ಸಲ್ಲಿ ಓದಿ.

2/7
ಎರಡನೇ ಫೋಟೋ, ಮಧ್ಯಾಹ್ನದ ಊಟದ್ದು. ಬಿಸಿಲು ನೋಡಿ ಹೆಂಗಿದೆ. ಏಪ್ರಿಲ್ ತಿಂಗಳು. ಆದ್ರೂ ಕೆಲಸದವರೆಲ್ಲ ಬಯಲಲ್ಲಿ, ಮರಳಿನ ಗುಡ್ಡೆ ಪಕ್ಕದಲ್ಲಿ ಕೂತು ಬುತ್ತಿ ಬಿಚ್ಚಿದಾರೆ. ಕಟ್ಟಡದ ಪೂರ್ವದ ಕಡೆ, ಸಜ್ಜಾ ಕೆಳಗೆ ಒಳ್ಳೇ ನೆರಳಿತ್ತು. ಅಲ್ಲಿ ಒಬ್ಬರೂ ಇಲ್ಲ.

ನಾನು ಹೋಗಿ ಅಲ್ಲೇ ಕೂತೆ. ಟಿಫಿನ್ ಬಾಕ್ಸ್ ತೆಗೆದೆ. ಬಾಂಡ್ಲಿ ಹೊರೋ ಅಕ್ಕ ಒಬ್ಬರು ದೂರದಿಂದ ಕೂಗಿದ್ರು: "ಮೊಗ, ಅಲ್ಲಿ ಕೂರ್ಬ್ಯಾಡ ಕನ. ತಲ ಮ್ಯಾಲ ಬೀಳ್ತದ. ಇತ್ತ ಬಾ."

ಏನು ಬೀಳ್ತದೆ ಅಂತ ಕೇಳ್ದೆ. ಸಜ್ಜಾ ತೋರಿಸಿದ್ರು. ಕಾಂಕ್ರೀಟ್ ಹಾಕಿ ನಾಲ್ಕೇ ದಿನ ಆಗಿತ್ತು. ಅದಕ್ಕೆ ಕೊಟ್ಟಿದ್ದ ಪ್ರಾಪ್‌ಗಳನ್ನ ಹಿಂದಿನ ದಿನ ಸಂಜೆ ಬಿಚ್ಚಿದ್ರಂತೆ, ಹಿಂದುಗಡೆ ರೂಮಿನ ಸೆಂಟ್ರಿಂಗಿಗೆ ಬೇಕಾಗಿತ್ತು. ಬಾಡಿಗೆ ಪ್ರಾಪ್, ಲೆಕ್ಕದ್ದು.

ಕ್ಲಾಸಲ್ಲಿ ಇದನ್ನ ನಾವು ಓದಿದೀವಿ. ಐಎಸ್ 456ರ ಪ್ರಕಾರ ನಾಲ್ಕೂವರೆ ಮೀಟರ್ ತನಕದ ಚಪ್ಪಡಿಗೆ ಕಡೇಪಕ್ಷ 7 ದಿನ ಪ್ರಾಪ್ ಇರಬೇಕು, ಅದಕ್ಕಿಂತ ದೊಡ್ಡದಕ್ಕೆ 14 ದಿನ. ಪರೀಕ್ಷೆಗೆ ಬಾಯಿಪಾಠ ಹೊಡೆದಿದ್ವಿ. ಸಜ್ಜಾಗೆ ಈ ದಿನದ ಲೆಕ್ಕ ಕೂಡ ಸಾಲದು, ಅದು ಒಂದೇ ಕಡೆ ಹಿಡ್ಕೊಂಡು ನಿಂತಿರೋದು. ಲಿಂಟಲ್ ಮೇಲೆ ಗೋಡೆ ಎದ್ದು ಅದರ ಭಾರ ಹಿಂದುಗಡೆ ಕೂತ ಮೇಲೇನೇ ಮುಂದುಗಡೆ ಚಾಚಿರೋ ಭಾಗ ಭದ್ರ. ಇಲ್ಲಿ ಲಿಂಟಲ್ ಮೇಲೆ ಒಂದು ವರಸೆ ಇಟ್ಟಿಗೆಯೂ ಇರಲಿಲ್ಲ. ಅಂದ್ರೆ ಆ ಸಜ್ಜಾ ನಿಂತಿದ್ದು ಲಿಂಟಲ್ ಕಚ್ಚಿಕೊಂಡಿದ್ದ ಹಸಿ ಕಾಂಕ್ರೀಟಿನ ಮೇಲೆ, ಉಳಿದದ್ದು ದೇವರ ಮೇಲೆ.

ಅಕ್ಕನಿಗೆ ಐಎಸ್ 456 ಗೊತ್ತಿಲ್ಲ. ಗೊತ್ತಿದ್ದದ್ದು ಇಷ್ಟು: "ಹೋದ ಸಲ ಒಂದು ಕಡ ಹಿಂಗೇ ಬಿಚ್ಚುದ್ರು, ಬೆಳಿಗ್ಗ ಬಂದು ನೋಡುದ್ರ ಕೆಳಗ ಬಿದ್ದಿತ್ತು. ರಾತ್ರಿ ಬಿತ್ತು, ನಮ್ ಪುಣ್ಯ."

ನನ್ನ ಶೀಟಲ್ಲಿ ಫಾರ್ಮ್‌ವರ್ಕ್ ಸರಿಯಾಗಿದೆಯಾ ಅನ್ನೋ ಪ್ರಶ್ನೆಗೆ ಬೆಳಿಗ್ಗೆ ಹತ್ತು ಗಂಟೆಗೇ ಹೌದು ಅಂತ ಟಿಕ್ ಆಗಿತ್ತು.

ಸೈಟ್ ಇಂಜಿನಿಯರ್‌ಗೆ ಹೇಳ್ದೆ. "ಏನೂ ಆಗಲ್ಲ ಬಿಡಪ್ಪ" ಅಂದ್ರು. ಸಂಜೆ ಮೇಸ್ತ್ರಿ ಯಾರಿಗೂ ಹೇಳದೆ ಎರಡು ಸರ್ವೆ ಗಳ ತಂದು ಸಜ್ಜಾಗೆ ಕೊಟ್ಟರು. ಶೀಟ್ ತಿದ್ದಬೇಕು ಅಂತ ಹೋದಾಗ, ಫಾರ್ಮ್ಯಾಟ್ ಪ್ರಕಾರ ಎಲ್ಲಾ ಇದೆಯಲ್ಲ, ಸೈನೂ ಆಗಿದೆ, ಮತ್ಯಾಕೆ ಅಂದ್ರು. ಯಾರು ಅಂದ್ರು ಅನ್ನೋದು ಬೇಡ. ತಿದ್ದದೇ ಇದ್ದದ್ದು ನಾನು. ಆ ಶೀಟು ಇವತ್ತಿಗೂ ನನ್ನ ರಿಪೋರ್ಟಲ್ಲಿ 38 ಅಂತಾನೇ ಇದೆ, ಮಾರ್ಕ್ಸೂ ಬಂತು.

3/7
ಮೂರನೇದು ಜಲ್ಲಿ ಗುಡ್ಡೆ. ಈ ಫೋಟೋ ಯಾಕೆ ಅಂತೀರಾ? ನಮ್ಮ ಸೈಟಿಗೆ ಬರೋ ಜಲ್ಲಿ, ಎಂ-ಸ್ಯಾಂಡ್ ಎಲ್ಲಾ ನಮ್ಮದೇ ಜಿಲ್ಲೆಯ ಗುಡ್ಡಗಳಿಂದ ಬರೋದು. ಕಟ್ಟಡದ ಕೆಲಸ ಪಾಯದಿಂದ ಶುರು ಅಂತ ನಾವು ಅಂದ್ಕೊಂಡಿದೀವಿ. ನಿಜವಾಗಿ ಅದು ಗಣಿಯಿಂದ ಶುರು.

2022ರ ಮಾರ್ಚ್ 4, ಶುಕ್ರವಾರ. ಗುಂಡ್ಲುಪೇಟೆ ತಾಲ್ಲೂಕು ಮಡಹಳ್ಳಿ ಹತ್ತಿರದ ಗುಮ್ಮಕಲ್ಲು ಗುಡ್ಡದ ಬಿಳಿಕಲ್ಲು ಗಣಿ ಕುಸಿಯಿತು. ಆವತ್ತು ನಮ್ಮ ವಾಟ್ಸಾಪ್ ಗ್ರೂಪುಗಳಲ್ಲಿ ವಿಡಿಯೋ ಹೆಂಗೆ ಓಡಾಡ್ತು ನೆನಪಿದೆಯಲ್ಲ. ಬಂಡೆ ಕೆಳಗೆ ಸಿಕ್ಕಿ ಮೂವರು ಸತ್ತರು. ಕೂಲಿಗೆ ಅಂತ ಉತ್ತರ ಪ್ರದೇಶದಿಂದ ಬಂದಿದ್ದವರು. ಅದೇ ವರ್ಷ ಡಿಸೆಂಬರ್ 26ಕ್ಕೆ ಚಾಮರಾಜನಗರ ತಾಲ್ಲೂಕಿನ ಬಿಸಲವಾಡಿಯ ಗಣಿಯಲ್ಲಿ ಮತ್ತೆ ಕುಸಿತ, ಮತ್ತೆ ಮೂವರು. ಈ ಸಲ ಸತ್ತವರು ನಮ್ಮ ಜಿಲ್ಲೆಯವರೇ. ಹತ್ತು ತಿಂಗಳೊಳಗೆ ಒಂದೇ ಜಿಲ್ಲೆಯಲ್ಲಿ ಎರಡು.

ಯಾರದ್ದು ತಪ್ಪು, ಕೇಸು ಏನಾಯ್ತು ಅನ್ನೋದು ನನ್ನ ವಿಷಯ ಅಲ್ಲ. ನನ್ನ ತಲೇಲಿ ಇರೋದು ಆ 42 ಪ್ರಶ್ನೆಯ ಶೀಟು. ಅದನ್ನ ಇಂಥ ಒಂದು ಗಣಿಗೆ ತಗೊಂಡು ಹೋಗಿದ್ರೂ ಹೆಲ್ಮೆಟ್ ಇದೆ, ಬೂಟ್ ಇದೆ, ಬೋರ್ಡ್ ಇದೆ ಅಂತ ಆರಾಮಾಗಿ ಮೂವತ್ತು ದಾಟಿಸಬಹುದು. ಗುಡ್ಡ ತಲೆ ಮೇಲೆ ಬಂದ್ರೆ ಹೆಲ್ಮೆಟ್ ಏನು ಮಾಡುತ್ತೆ?

ಗಣಿಗೆ ಬೇಕಾದ ನಿಯಮ ಏನೂ ಹೊಸದಲ್ಲ. 1961ರ ಮೆಟಾಲಿಫೆರಸ್ ಗಣಿ ನಿಯಮಾವಳಿಯ 106ನೇ ನಿಯಮ ಓದಿ. ಗಟ್ಟಿ ನೆಲ ಆದ್ರೂ ಗೋಡೆ ಥರ ನೇರ ಕಡಿಯೋ ಹಾಗಿಲ್ಲ, ಮೆಟ್ಟಿಲು ಮೆಟ್ಟಿಲಾಗಿ ಕಡಿಯಬೇಕು, ಒಂದು ಮೆಟ್ಟಿಲು 6 ಮೀಟರ್ ಅಂದ್ರೆ ಸುಮಾರು ಇಪ್ಪತ್ತು ಅಡಿ ದಾಟಬಾರದು. ಬುಡ ಕೊರೆದು ಮೇಲಿನ ಬಂಡೆ ಚಾಚಿಕೊಳ್ಳೋ ಹಾಗೆ ಬಿಡಬಾರದು. ಅಂಚಿನಿಂದ 3 ಮೀಟರ್ ಒಳಗೆ ಸಡಿಲ ಕಲ್ಲು, ಮರ ಇರಬಾರದು. ಇಷ್ಟು ನೋಡೋಕೆ ಯಾವ ಯಂತ್ರಾನೂ ಬೇಡ. ಎಷ್ಟೋ ಸಲ ರಸ್ತೆಯಲ್ಲಿ ಹೋಗ್ತಾನೇ ಕಾಣುತ್ತೆ. ಮೈಸೂರು ಬಸ್ಸಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕಾಗ ನೋಡಿ, ಮೆಟ್ಟಿಲು ಎಷ್ಟು ಕಡೆ ಇದೆ, ಗೋಡೆ ಎಷ್ಟು ಕಡೆ ಇದೆ ಅಂತ.

ಇನ್ನೊಂದು ತಮಾಷೆ. ಗಣಿಯಲ್ಲಿ ಸುರಕ್ಷತೆ ನೋಡಬೇಕಾದ್ದು ಕೇಂದ್ರ ಸರ್ಕಾರದ ಗಣಿ ಸುರಕ್ಷತಾ ಮಹಾನಿರ್ದೇಶನಾಲಯ, ಅದರ ಕೇಂದ್ರ ಕಚೇರಿ ಇರೋದು ಧನ್‌ಬಾದ್‌ನಲ್ಲಿ. ಗುತ್ತಿಗೆ ಕೊಡೋದು ರಾಜ್ಯದ ಗಣಿ ಮತ್ತು ಭೂವಿಜ್ಞಾನ ಇಲಾಖೆ. ಅದೇ ಕಲ್ಲು ಜಲ್ಲಿಯಾಗಿ ಟಿಪ್ಪರ್‌ನಲ್ಲಿ ಸೈಟಿಗೆ ಬಂದು ಬಿದ್ದರೆ ಕಾರ್ಮಿಕ ಇಲಾಖೆ, ಬೇರೆ ಕಾನೂನು. ಕಲ್ಲಿಗೆ ಮೂರು ಯಜಮಾನರು. ಕಲ್ಲು ಒಡೆಯೋನಿಗೆ ಯಾರು?

4/7
"ಬ್ರೋ, ಹೆಲ್ಮೆಟ್ ಕೊಟ್ರೂ ಅವರೇ ಹಾಕಲ್ಲ. ನಾವೇನ್ ಮಾಡೋಕಾಗುತ್ತೆ?" ಭಾಗ 8ಕ್ಕೆ ನಮ್ಮ ಕ್ಲಾಸಿನವನೇ ಒಬ್ಬ ಹೀಗೆ ಕಮೆಂಟ್ ಹಾಕಿದ್ದ. 60 ಲೈಕ್ ಬಂದಿತ್ತು. ಅದಕ್ಕೆ ಉತ್ತರ ಕೊಡದೆ ಮುಂದೆ ಹೋಗಲ್ಲ.

ನಾಲ್ಕನೇ ಫೋಟೋದಲ್ಲಿರೋ ಕರಣೆ ನಮ್ಮಪ್ಪಂದು. ಹಿಡಿ ಸವೆದಿರೋದು ನೋಡಿ. ಅಪ್ಪ ಗಾರೆ ಕೆಲಸ ಮಾಡ್ತಾರೆ, ನಾನು ಹುಟ್ಟೋಕೆ ಮುಂಚಿಂದ. ಬೇಗೂರು, ತೆರಕಣಾಂಬಿ, ಗುಂಡ್ಲುಪೇಟೆ ಸುತ್ತ ಅವರು ಕಟ್ಟಿದ ಮನೆಗಳು ಎಷ್ಟೋ ಇವೆ. ಹೆಲ್ಮೆಟ್ ಹಾಕಲ್ಲ. ತಲೆಗೆ ಟವಲ್ ಸುತ್ತುತಾರೆ. ಇಂಟರ್ನ್‌ಶಿಪ್ ಮುಗಿಸಿ ಬಂದ ಜೋಶಲ್ಲಿ ಅವರಿಗೆ ಕ್ಲಾಸ್ ತಗೊಂಡೆ. ಸಜ್ಜಾ ಕಥೆಯನ್ನೂ ಹೇಳಿ, "ಎಂಥ ಬೇಜವಾಬ್ದಾರಿ ಅಲ್ವಾ ಅಪ್ಪ" ಅಂದೆ.

ಅಪ್ಪ ಊಟ ಮಾಡ್ತಾ ಇದ್ರು. "ನಾನೂ ಬಿಚ್ಚಿವ್ನಿ" ಅಂದ್ರು.

ನನಗೆ ಮಾತು ಬರಲಿಲ್ಲ. ಆಮೇಲೆ ಅವರೇ ಹೇಳಿದ್ರು. ಓನರ್ ಶುಕ್ರವಾರದೊಳಗೆ ಮೋಲ್ಡ್ ಆಗ್ಲೇಬೇಕು ಅಂತಾರೆ. ಪ್ರಾಪ್ ಬಾಡಿಗೆಯವನು ಇನ್ನೊಂದು ಲೋಡ್ ಕೊಡಲ್ಲ. ಇನ್ನೂ ಮೂರು ದಿನ ಕಾಯೋಣ ಅಂದ್ರೆ ಏಳು ಜನ ಮನೇಲಿ ಕೂರಬೇಕು. "ಕೆಲ್ಸ ನಿಲ್ಸು ಅನ್ನದು ಸುಲ್ಭ ಮಗ. ನಿಂತ ದಿನದ್ ಕೂಲಿ ಯಾರ್ ಕೊಡ್ತರ? ಶನಿವಾರ ಬಟವಾಡ ಮಾಡೋನು ನಾನು. ಅವ್ರು ನನ್ ಮಕ ನೋಡ್ತರ, ಓನರ್ ಮಕ ಅಲ್ಲ."

ನನ್ನ 42 ಪ್ರಶ್ನೆಯಲ್ಲಿ ಇದೊಂದೇ ಇರಲಿಲ್ಲ. ಕೆಲಸ ನಿಂತ ದಿನದ ಕೂಲಿ ಯಾರದು?

ನನ್ನ ಅಭಿಪ್ರಾಯ ಇಷ್ಟೇ, ಒಪ್ಪದೇ ಇದ್ರೆ ಜಗಳ ಆಡಿ. ಈ ಪ್ರಶ್ನೆಗೆ ಉತ್ತರ ಇಲ್ಲದ ಸೈಟಲ್ಲಿ ಮಿಕ್ಕ 42 ಪ್ರಶ್ನೆಗೆ ಹೌದು ಅಂತ ಇದ್ರೂ ಆ ಸೈಟು ಸುರಕ್ಷಿತ ಅಲ್ಲ. ಅಪಾಯ ಕಂಡವರಿಗೆ ಬಾಯಿ ಬಿಟ್ರೆ ತಮ್ಮ ಕೂಲಿ, ತಮ್ಮ ಜೊತೆಯವರ ಕೂಲಿ ಹೋಗುತ್ತೆ ಅಂತ ಗೊತ್ತು. ಹಾಗಾಗಿ ಅವರು ಬಾಯಿ ಬಿಡಲ್ಲ, ಜಾಗ ಬದಲಾಯಿಸ್ತಾರೆ. ಬಿಸಿಲಲ್ಲಿ ಕೂತು ಊಟ ಮಾಡ್ತಾರೆ.

ಹೆಲ್ಮೆಟ್ ವಿಷಯ: ಹೌದು, ಹಾಕಲ್ಲ, ಹಾಕಬೇಕು. ಅಪ್ಪನ ಜೊತೆ ಆ ಜಗಳ ಇನ್ನೂ ನಡೀತಿದೆ. ಆದ್ರೆ ಸೊಂಟಕ್ಕೆ ಬೆಲ್ಟ್ ಕೊಟ್ಟು, ಕೊಕ್ಕೆ ಸಿಕ್ಕಿಸೋಕೆ ಅದೇ ಅಲ್ಲಾಡೋ ಸಾರುವೆ ಗಳ ತೋರಿಸೋ ಸೈಟಲ್ಲಿ "ಅವರೇ ಹಾಕಲ್ಲ" ಅನ್ನೋ ಮಾತಿಗೆ ಬೆಲೆ ಇಲ್ಲ.

5/7
ಕಾನೂನು ಇಲ್ವಾ? ಇದೆ. ಬೋರ್ ಹೊಡೆಸ್ದೆ ಹೇಳೋಕೆ ಟ್ರೈ ಮಾಡ್ತೀನಿ.

1996ರಲ್ಲಿ ಕಟ್ಟಡ ಕಾರ್ಮಿಕರಿಗೆ ಅಂತಾನೇ ಕಾನೂನು ಬಂತು. ಕಟ್ಟಡದ ವೆಚ್ಚದ ಮೇಲೆ 1% ಸೆಸ್, ಕಲ್ಯಾಣ ಮಂಡಳಿ, ಲೇಬರ್ ಕಾರ್ಡ್ ಎಲ್ಲಾ ಅದರಿಂದಲೇ. (ನಮ್ಮೂರಲ್ಲಿ ಬಾಂಡ್ಲಿ ಮುಟ್ಟದವರ ಹತ್ರ ಕಾರ್ಡ್ ಇದೆ, ಬಾಂಡ್ಲಿ ಹೊರೋ ಅಕ್ಕನ ಹತ್ರ ಇಲ್ಲ. ಅದಕ್ಕೆ ಬೇರೆ ಭಾಗವೇ ಬರೀಬೇಕು.) ಆ ಕಾನೂನಲ್ಲಿ ಸುರಕ್ಷತಾ ಸಮಿತಿ, ಸುರಕ್ಷತಾ ಅಧಿಕಾರಿ ಕಡ್ಡಾಯ ಆಗ್ತಿದ್ದದ್ದು 500 ಜನ ಕೆಲಸ ಮಾಡೋ ಕಡೆ. 2025ರ ನವೆಂಬರ್ 21ರಿಂದ ಜಾರಿಗೆ ಬಂದಿರೋ ಹೊಸ ಸಂಹಿತೆಯಲ್ಲಿ ಕಟ್ಟಡ ಕೆಲಸಕ್ಕೆ ಸುರಕ್ಷತಾ ಅಧಿಕಾರಿ ಬೇಕಾಗೋದು 250 ಜನ ಇದ್ರೆ. ಇಳಿಸಿದಾರೆ, ಒಳ್ಳೇದು. ಈಗ ಹೇಳಿ, ಗುಂಡ್ಲುಪೇಟೆ ಪಟ್ಟಣದೊಳಗೆ 250 ಜನ ಒಟ್ಟಿಗೆ ಕೆಲಸ ಮಾಡೋ ಯಾವ ಕಟ್ಟಡ ನೋಡಿದೀರಾ? ನಾನು ನೋಡಿಲ್ಲ. ನಾನು ನೋಡಿರೋದು ಏಳು ಜನ, ಹೆಚ್ಚಂದ್ರೆ ಹದಿನೈದು.

ಸ್ವಂತ ಮನೆ ಕಟ್ಟೋರಿಗೆ ಹಳೇ ಕಾನೂನಲ್ಲಿ 10 ಲಕ್ಷದ ತನಕ ವಿನಾಯಿತಿ ಇತ್ತು. ಹೊಸದರಲ್ಲಿ ಅದು 50 ಲಕ್ಷ. ನಮ್ಮ ಎರಡೂ ಊರಲ್ಲಿ 50 ಲಕ್ಷ ದಾಟೋ ಮನೆಗಳನ್ನ ಬೆರಳಲ್ಲಿ ಎಣಿಸಬಹುದು. ಅಂದ್ರೆ ನಮ್ಮಪ್ಪ ಕಟ್ಟೋ ಹೆಚ್ಚುಕಮ್ಮಿ ಎಲ್ಲ ಮನೆಗಳೂ ಲೆಕ್ಕದಿಂದ ಹೊರಗೆ.

ಹೊಸ ಸಂಹಿತೆಯ 14ನೇ ಕಲಂ ನನಗೆ ತುಂಬಾ ಆಸೆ ಹುಟ್ಟಿಸಿತ್ತು. ಗಂಭೀರ ಗಾಯ ಆಗಬಹುದು ಅಥವಾ ಜೀವ ಹೋಗಬಹುದು ಅಂತ ಕೆಲಸಗಾರರಿಗೆ ಅನ್ನಿಸಿದ್ರೆ ಮಾಲೀಕರಿಗೆ ಹೇಳಬಹುದು, ಜೊತೆಗೇ ಇನ್‌ಸ್ಪೆಕ್ಟರ್‌ಗೂ ತಿಳಿಸಬಹುದು. ಮಾಲೀಕರಿಗೆ ಅಪಾಯ ಇದೆ ಅಂತ ಮನವರಿಕೆ ಆದ್ರೆ ತಕ್ಷಣ ಸರಿ ಮಾಡಬೇಕು. ಆಗದಿದ್ರೆ ಇನ್‌ಸ್ಪೆಕ್ಟರ್‌ಗೆ ಒಪ್ಪಿಸಬೇಕು, ಅವರು ಹೇಳಿದ್ದೇ ಕೊನೆ. ಮತ್ತೆ ಮತ್ತೆ ಓದಿದೆ. ಹೇಳೋ ಹಕ್ಕು ಇದೆ. ಇನ್‌ಸ್ಪೆಕ್ಟರ್ ಬರೋ ತನಕ ಸಾರುವೆಯಿಂದ ಇಳಿದು ನಿಂತ್ಕೋಬಹುದು, ಆ ದಿನದ ಕೂಲಿ ಕಟ್ ಮಾಡಬಾರದು ಅನ್ನೋ ಸಾಲು ಆ ಕಲಂನಲ್ಲಿ ಕಾಣಲಿಲ್ಲ. ಅಪ್ಪನ ಪ್ರಶ್ನೆ ಅಲ್ಲೇ ಉಳೀತು.

6/7
ಈಗ ನನ್ನ ಜೊತೆ ಜಗಳ ಆಡೋ ಎರಡನೇ ಪಾರ್ಟಿ: ಮನೆ ಕಟ್ಟೋರು. ನಮ್ಮ ಚಿಕ್ಕಪ್ಪನೇ ಹೋದ ವರ್ಷ ಕಟ್ಟಿಸಿದ್ರು. ಸಾಲ ಮಾಡಿದಾರೆ, ಸಿಮೆಂಟ್ ರೇಟ್ ಕೇಳಿ ನಿದ್ದೆ ಕೆಟ್ಟಿದಾರೆ. ಅವರನ್ನ ವಿಲನ್ ಮಾಡೋ ಆಸೆ ನನಗಿಲ್ಲ.

ಅವರ ಮನೆ ಸಂಪಿಗೆ ಎಂಟು ಅಡಿ ಗುಂಡಿ ತೆಗೆದಿದ್ರು. ನಮ್ಮದು ಎರೆಮಣ್ಣು, ನಿಮಗೆ ಗೊತ್ತಲ್ಲ, ಬೇಸಿಗೇಲಿ ಕೈ ತೂರೋವಷ್ಟು ಬಿರುಕು, ಮಳೆ ಬಂದ್ರೆ ಹಿಟ್ಟು. ಜೆಸಿಬಿ ತೆಗೆದ ಮಣ್ಣನ್ನ ಗುಂಡಿ ಬಾಯಿಗೇ ಸುರಿದಿತ್ತು. ರಾತ್ರಿ ಮಳೆ ಹೊಡೀತು. ಬೆಳಿಗ್ಗೆ ಇಬ್ಬರು ಆಳು ತಳದಲ್ಲಿ ಕೆಸರು ಎತ್ತೋಕೆ ಇಳಿಯೋದ್ರಲ್ಲಿ ಇದ್ರು. ಗುಂಡಿ ಒಂದೂವರೆ ಮೀಟರ್, ಅಂದ್ರೆ ಐದಡಿ ದಾಟಿದ್ರೆ ಪಕ್ಕಕ್ಕೆ ಹಲಗೆ ಕೊಡಬೇಕು ಇಲ್ಲಾ ಇಳಿಜಾರಾಗಿ ಕಡಿಯಬೇಕು, ತೆಗೆದ ಮಣ್ಣನ್ನ ದೂರ ಹಾಕಬೇಕು ಅಂತ ಓದಿದ್ವಲ್ಲ. ಒಂದು ಘನ ಮೀಟರ್ ಮಣ್ಣು ಒಂದೂವರೆ ಟನ್ ಮೇಲೇ ತೂಗುತ್ತೆ, ಒದ್ದೆ ಆದ್ರೆ ಇನ್ನೂ ಹೆಚ್ಚು. ಎದೆ ತನಕ ಮುಚ್ಚಿದ್ರೆ ಸಾಕು, ತಲೆ ಹೊರಗಿದ್ರೂ ಉಸಿರು ಎಳೆಯೋಕಾಗಲ್ಲ. ನಿಂತು ಕೂಗಿ ಕರೆಯೋಕೆ ನಮ್ಮ ಸೈಟಲ್ಲಿ ಯಾರೂ ಇರಲಿಲ್ಲ, ನಾನು ಬಿಟ್ರೆ.

ಚಿಕ್ಕಪ್ಪನ ಹತ್ರ ಲೆಕ್ಕ ಹಾಕಿದೆ. ಅಲ್ಲಿ ಮೇಸ್ತ್ರಿಗೆ 1000, ಆಳಿಗೆ 700, ಹೆಣ್ಣಾಳಿಗೆ 500. (ಅದೇ ಬಾಂಡ್ಲಿ, ಅದೇ ಏಣಿ, 200 ಕಮ್ಮಿ ಯಾಕೆ ಅಂತ ಕೇಳಿದ್ರೆ "ಮೊದ್ಲಿಂದ್ಲೂ ಹಂಗೇ" ಅಂತಾರೆ.) ಇಬ್ಬರು ಮೇಸ್ತ್ರಿ, ಮೂವರು ಆಳು, ಇಬ್ಬರು ಹೆಣ್ಣಾಳು. ಒಂದು ದಿನ ಕೆಲಸ ನಿಂತರೆ 5100 ರೂಪಾಯಿ. ಗೃಹಪ್ರವೇಶಕ್ಕೆ ಹಾಕಿಸಬೇಕು ಅಂತ ಆಗಲೇ ಮಾತಾಡಿದ್ದ ಶಾಮಿಯಾನ, ಸೌಂಡು, ಲೈಟಿಂಗ್ ಅದಕ್ಕಿಂತ ಜಾಸ್ತಿ. ಮನೆ ವೆಚ್ಚಕ್ಕೆ ಮೊದಲೇ ಇಂಥ ಐದು ದಿನ ಸೇರಿಸಿ ಬಿಡಿ ಚಿಕ್ಕಪ್ಪ ಅಂದೆ, ಮಳೆಗೆ, ಪ್ರಾಪ್‌ಗೆ, ಭಯಕ್ಕೆ. 25 ಸಾವಿರ ಚಿಲ್ಲರೆ.

ಅವರು ಪೂರ್ತಿ ಒಪ್ಪಲಿಲ್ಲ. "ಅವ್ರು ದಿನಾ ಭಯ ಅಂದ್ಬುಟ್ರೆ?" ಅಂದ್ರು. ಈ ಪ್ರಶ್ನೆ ನಿಮಗೂ ಬಂದಿರುತ್ತೆ, ನನಗೂ ಬಂತು. ಆದ್ರೆ ಯೋಚನೆ ಮಾಡಿ, ವಾರಗಟ್ಟಲೆ ಕೆಲಸ ಸಿಗದ ಜನ, ಸಿಕ್ಕ ಕೆಲಸ ಬೇಗ ಮುಗಿಸಿ ಇನ್ನೊಂದು ಹಿಡಿಯಬೇಕು ಅಂತ ಇರೋ ಜನ, ಸುಮ್ನೆ ಗುಂಡಿ ಪಕ್ಕ ಕೂತು ಟೈಂಪಾಸ್ ಮಾಡ್ತಾರಾ? ಆ ದಿನಕ್ಕೆ ಮಾತ್ರ ಚಿಕ್ಕಪ್ಪ ಅರ್ಧ ಕೂಲಿ ಕೊಟ್ಟರು. ಜೆಸಿಬಿ ಕರೆಸಿ ಮಣ್ಣು ಎಳೆಸಿದ್ರು, ಮಾರನೇ ದಿನ ಪಕ್ಕ ಇಳಿಜಾರು ಮಾಡಿಸಿದ್ರು. ಆ ಗುಂಡಿ ಕುಸಿಯಲೇ ಇಲ್ಲ. "ನೋಡ್ದಾ, ಏನೂ ಆಗ್ಲಿಲ್ಲ, ಸುಮ್ನೆ ದುಡ್ಡು ಹೋಯ್ತು" ಅಂತ ಈಗಲೂ ನನ್ನ ಆಡ್ಕೋತಾರೆ. ಆಡ್ಕೊಳ್ಳಲಿ.

7/7
ಕೊನೇ ಫೋಟೋ ನನ್ನ ಹೊಸ ಶೀಟು. ನೋಟ್‌ಬುಕ್ ಹಾಳೆ, ಕೈಬರಹ, ಕನ್ನಡ. (ಹಿಂದಿಯಲ್ಲಿ ಬರೆದುಕೊಟ್ಟ ಗೆಳತಿಗೆ ಥ್ಯಾಂಕ್ಸ್. ಕಲ್ಲು ಕೆಲಸಕ್ಕೆ, ಟೈಲ್ಸ್ ಕೆಲಸಕ್ಕೆ ಬಂದಿರೋ ಹುಡುಗರ ಹತ್ರ ಕನ್ನಡದಲ್ಲಿ ಕೇಳಿದ್ರೆ ಎಲ್ಲಕ್ಕೂ "ಹಾಂ ಸಾರ್" ಅಂತಾರೆ.) ಊಟಕ್ಕೆ ಎಲ್ಲಿ ಕೂರಲ್ಲ, ಯಾಕೆ? ಯಾವ ಏಣಿ ಹತ್ತೋಕೆ ಹೊಸಬರನ್ನ ಕಳಿಸ್ತೀರಾ? ನಿನ್ನೆಯಿಂದ ಇವತ್ತಿಗೆ ಏನು ಬಿಚ್ಚಿದ್ರಿ? ಹೋದ ಸಲ ಯಾವಾಗ ಕೆಲಸ ನಿಲ್ಲಿಸಿದ್ರಿ, ಆ ದಿನದ ಕೂಲಿ ಯಾರು ಕೊಟ್ಟರು? ಇಷ್ಟು ಕೇಳಿದ ಮೇಲೆ ಬೇಕಿದ್ರೆ 42 ಪ್ರಶ್ನೆ ತೆಗೀತೀನಿ.

ಇದುವರೆಗೆ ನಾಲ್ಕು ಸೈಟಲ್ಲಿ ಕೇಳಿದೀನಿ. ಒಂದು ಕಡೆ ಮನೆ ಮುಂದಿನ ಕರೆಂಟ್ ತಂತಿ ತೋರಿಸಿದ್ರು. 11 ಕೆವಿ ಲೈನು. ನಿಯಮದ ಪ್ರಕಾರ ಪಕ್ಕಕ್ಕೆ 1.2 ಮೀಟರ್ ಅಂತರ ಬೇಕು, ಅಳೆದ್ರೆ ಅಷ್ಟು ಇದೆ ಕೂಡ. ಟಿಕ್ ಹಾಕಬಹುದು. ಆದ್ರೆ ಮೇಲಕ್ಕೆ ಎತ್ತೋ ರಾಡ್ 40 ಅಡಿ ಉದ್ದ, ತಿರುಗಿಸುವಾಗ ತುದಿ ಎಲ್ಲಿಗೆ ಹೋಗುತ್ತೆ ಅಂತ ಶೀಟಲ್ಲಿ ಇಲ್ಲ. ಅಲ್ಲಿಯವರು ರಾಡ್ ಎತ್ತೋ ಮುಂಚೆ ಲೈನ್‌ಮ್ಯಾನ್‌ಗೆ ಫೋನ್ ಮಾಡಿ ಕರೆಂಟ್ ತೆಗೆಸ್ತಾರಂತೆ, ಫೋನ್ ಎತ್ತಿದ್ರೆ. ಎತ್ತದ ದಿನ? "ಉಸಾರಾಗಿ ಎತ್ತದು."

ನಿಲ್ಲಿಸಿದ ದಿನದ ಕೂಲಿ ಬಗ್ಗೆ ಕೇಳಿದಾಗ ನಾಲ್ಕು ಕಡೆಯೂ ಮೊದಲು ನಗು ಬಂತು. ಪ್ರಶ್ನೆಯೇ ವಿಚಿತ್ರ ಅನ್ನಿಸಿರಬೇಕು.

ಸಿವಿಲ್ ಓದ್ತಿರೋ ನಮ್ಮ ಬ್ಯಾಚಿನವರೆಲ್ಲ ಇನ್ನೊಂದು ವರ್ಷಕ್ಕೆ ಸೈಟಲ್ಲಿ ಸೈನ್ ಹಾಕೋರೇ. ಈ ಭಾನುವಾರ ನಿಮ್ಮ ಬೀದಿಯಲ್ಲೇ ಕಟ್ಟುತಿರೋ ಮನೆ ಹತ್ರ ಹೋಗಿ ಈ ನಾಲ್ಕು ಮಾತು ಕೇಳಿ, ಏನಂದ್ರು ಅಂತ ಡಿಎಂ ಮಾಡಿ. ಊರಿನ ಹೆಸರು ಸಾಕು, ಜನರ ಹೆಸರು ಬೇಡ.

ಸಜ್ಜಾ ತೋರಿಸಿದ ಅಕ್ಕನ ಫೋಟೋ ಯಾಕಿಲ್ಲ ಅಂತ ಕೇಳ್ತೀರಾ. ಅವರ ಹತ್ರ ಹೋಗಿದ್ದೆ, ಈ ಬರಹ ಓದಿ ಹೇಳಿದೆ. ಸಜ್ಜಾ ಭಾಗ ಬಂದಾಗ ನಕ್ಕರು. ಆಮೇಲೆ ಸೆರಗು ಸರಿ ಮಾಡ್ಕೊಂಡು, "ನನ್ ಫೋಟೋ ಹಾಕ್ಬ್ಯಾಡ ಮೊಗ. ಮೇಸ್ತ್ರಿ ನೋಡುದ್ರ ನಾಳಕ ಕರೆಯದಿಲ್ಲ" ಅಂದ್ರು. ಅದಕ್ಕೇ ಎರಡನೇ ಫೋಟೋದಲ್ಲಿ ಎಲ್ಲರ ಬೆನ್ನು ಮಾತ್ರ ಇರೋದು.

#ಸೈಟ್‌ಡೈರಿ #ಚಾಮರಾಜನಗರ #ಗುಂಡ್ಲುಪೇಟೆ #ಗಾರೆಕೆಲಸ #ಸಿವಿಲ್‌ಹುಡುಗರು